ಸಂತ ಜೋಸೆಫ್ ವಾಜರು

ಕ್ರಿ.ಶ. 1681ರಲ್ಲಿ ಮೂವತ್ತು ವರ್ಷ ವಯಸ್ಸಿನ ಪಾದ್ರಿಗಳೊಬ್ಬರು ಗೋವೆಯಿಂದ ಕನ್ನಡ ಕರಾವಳಿಗೆ ಬಂದರು. ಆಗ ಆ ಸೀಮೆಯು ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಗೆ ಸೇರಿತ್ತು. ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತ ಆ ವೀರರಾಣಿಯ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಓದಿರುವರು. ಅವಳ ಕಾಲದಲ್ಲಿಯೇ ಅವಳ ನಾಡಿನಲ್ಲಿ ಮೂರು ವರ್ಷ ದುಡಿದು ಹೋದ ಜೋಸೆಫ್ ವಾಜರ ಹೆಸರನ್ನು ಮಾತ್ರ ದೆಹಲಿಯ ಕನ್ನಡಿಗರಾದ ನಾವು ಕೇಳಿರುವುದು ವಿರಳ.

ವಾಜರು 1651ನೆಯ ಇಸವಿ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಂ ಗ್ರಾಮದಲ್ಲಿ ಜನಿಸಿದರು. ಮನೆಮಾತು ಕೊಂಕಣಿ, ಕಲಿತದ್ದು ಪೋರ್ತುಗೀಸ್ ಮತ್ತು ಲ್ಯಾಟಿನ್. 1676ರಲ್ಲಿ ಗುರುದೀಕ್ಷೆಯನ್ನು ಪಡೆದರು. ಅವರು ಕರಾವಳಿಗೆ ಬರಬೇಕಾದ ಕಾರಣವನ್ನು ತಿಳಿಯಬೇಕಾದರೆ ಪಾಪನಿವೇದನೆಯೆಂಬ ಸಂಸ್ಕಾರವನ್ನು ಮೊದಲು ತಿಳಿಯಬೇಕು.

ರೋಮನ್ ಕ್ಯಾಥೊಲಿಕ್ ಪದ್ಧತಿಯಲ್ಲಿ, ತಪ್ಪು ಮಾಡಿದವನು ತನ್ನ ಮನಸ್ಸನ್ನು ತಾನೇ ಶೋಧಿಸಿಕೊಂಡು, ಪಶ್ಚಾತ್ತಾಪಪಟ್ಟು, ಗುರುವಿನ ಮುಂದೆ ಮೊಣಕಾಲೂರಿ ಪಾಪವನ್ನು ಬಾಯಿಬಿಟ್ಟು ಹೇಳುವನು. ಗುರುವು ಪ್ರಾಯಶ್ಚಿತ್ತವನ್ನು ವಿಧಿಸಿ, ದೇವರ ಹೆಸರಿನಲ್ಲಿ ಕ್ಷಮೆಯನ್ನು ಸಾರುವನು. ಕದ್ದವನು ಕದ್ದುದನ್ನು ಹಿಂದಿರುಗಿಸಲೇಬೇಕು. ಅತ್ತ ಮಾತ್ರಕ್ಕೆ ಬಿಡುಗಡೆಯಿಲ್ಲ. ಕೇಳಿದುದನ್ನು ಗುರುವು ಪ್ರಾಣ ಹೋದರೂ ಹೊರಗೆಡಹಕೂಡದು. ಆದರೆ ಕ್ಷಮೆ ಸಾರುವ ಅಧಿಕಾರವು ಗುರುವಿಗೆ ಧರ್ಮಾಧ್ಯಕ್ಷರಿಂದ ದೊರೆತಿರಬೇಕು. ಕರಾವಳಿಯ ತೊಡಕೆಲ್ಲ ಈ ಒಂದು ನಿಯಮದಲ್ಲಿತ್ತು.

ಈ ಪ್ರಾಂತದ ಚರ್ಚುಗಳ ಮೇಲಿನ ಹಕ್ಕು ಪೋರ್ತುಗಲ್ಲಿನ ಅರಸನಿಗೂ ಗೋವೆಯ ಆರ್ಚ್‌ಬಿಷಪ್ಪರಿಗೂ ಸೇರಿದುದೆಂದು ಗೋವೆಯವರು ವಾದಿಸುತ್ತಿದ್ದರು. ಪೋಪರಾದರೋ ಥಾಮಸ್ ಡಿ ಕ್ಯಾಸ್ಟ್ರೊ ಎಂಬ ಗೋವೆಯವರನ್ನೇ ನೇರವಾಗಿ ಇಲ್ಲಿಗೆ ನೇಮಿಸಿದ್ದರು. ಮಂಗಳೂರಿನ ಮಿಲಾಗ್ರಿಸ್ ಚರ್ಚನ್ನು 1680ರಲ್ಲಿ ಸ್ಥಾಪಿಸಿದವರು ಇವರೇ. ಒಂದು ಪಕ್ಷದ ಗುರುಗಳು ಕೊಟ್ಟ ಸಂಸ್ಕಾರವು ಸಲ್ಲದೆಂದು ಇನ್ನೊಂದು ಪಕ್ಷದವರು ಸಾರತೊಡಗಿದರು. ದೊಡ್ಡವರ ಈ ಕಲಹದಲ್ಲಿ ನಿಜವಾಗಿ ಬೆಂದವರು ಬಡಜನರು. ಮರಣಶಯ್ಯೆಯಲ್ಲಿರುವವನು ತನ್ನ ಪಾಪವನ್ನು ಯಾರಲ್ಲಿ ಹೇಳಿಕೊಳ್ಳಬೇಕು? ಪಡೆದ ಕ್ಷಮೆ ಸಂದಿತೋ ಇಲ್ಲವೋ ಎಂಬ ಭಯಕ್ಕಿಂತ ಮಿಗಿಲಾದ ಸಂಕಟವು ಭಕ್ತನಿಗೆ ಬೇರೊಂದಿಲ್ಲವೆಂದು ನಮಗೆ ತೋರುತ್ತದೆ.

ವಾಜರು ಗೋವೆಯ ಪಕ್ಷದ ಪ್ರತಿನಿಧಿಯಾಗಿ ಬಂದವರು. ಆದರೂ ಮಂಗಳೂರಿಗೆ ಬಂದೊಡನೆ ಎದುರು ಪಕ್ಷದ ಧರ್ಮಾಧ್ಯಕ್ಷರ ಪಾದಗಳಿಗೆ ಮುತ್ತಿಟ್ಟು, ರೋಮಿನಿಂದ ಹೊಸ ತೀರ್ಮಾನ ಬರುವವರೆಗೆ ಅಧಿಕಾರವನ್ನು ಚಲಾಯಿಸದಿರಬೇಕೆಂದು ಬೇಡಿಕೊಂಡರು. ಕ್ಯಾಸ್ಟ್ರೊ ಅವರು ಪೋಪರ ಪತ್ರವನ್ನು ತೋರಿಸಲು ಅದನ್ನು ಮನ್ನಿಸಿದರು. ಕಲಹವು ಪೂರ್ತಿಯಾಗಿ ತೀರಲಿಲ್ಲ. ವಾಜರಾದರೋ ಬಸರೂರು, ಕುಂದಾಪುರ, ಗಂಗೊಳ್ಳಿ ಮೊದಲಾದ ಊರುಗಳಲ್ಲಿ ಸಂಚರಿಸಿ ಜನರ ಪಾಪನಿವೇದನೆಯನ್ನು ಕೇಳುತ್ತ, ಚೆದರಿದ ಸಭೆಗಳನ್ನು ಒಟ್ಟುಗೂಡಿಸುತ್ತ, 1684ರವರೆಗೆ ಇದ್ದು ಗೋವೆಗೆ ಮರಳಿದರು.

ಸಿಂಹಳದ ಕರಾವಳಿಯಲ್ಲಿ ಇನ್ನೂ ಕಷ್ಟವಿತ್ತು. 1658ರಲ್ಲಿ ಯಾಳ್ಪಾಣವನ್ನು ಗೆದ್ದ ಡಚ್ಚರು ಕ್ಯಾಥೊಲಿಕ್ ಗುರುಗಳನ್ನು ಹೊರಗಟ್ಟಿದ್ದರಿಂದ, ಪಾಪವನ್ನು ಹೇಳಿಕೊಳ್ಳಲು ಅಲ್ಲಿ ಗುರುವೇ ಇರಲಿಲ್ಲ. 1687ರಲ್ಲಿ ವಾಜರು ಭಿಕ್ಷುಕನ ವೇಷದಲ್ಲಿ ಅಲ್ಲಿಗಿಳಿದರು. ಕೊರಳಿಗೆ ಜಪಮಾಲೆಯನ್ನು ಧರಿಸಿ ಮನೆಮನೆಯ ಮುಂದೆ ಭಿಕ್ಷೆ ಬೇಡುವರು. ಅದನ್ನು ಗುರುತಿಸಿದವರಿಂದ ಕ್ರೈಸ್ತರ ಸುಳಿವು ದೊರೆಯುವುದು. ಬಳಿಕ ರಾತ್ರಿಯ ಹೊತ್ತು ಗುಟ್ಟಾಗಿ ಪೂಜೆ, ಪಾಪನಿವೇದನೆ. ತಮಿಳನ್ನೂ ಸಿಂಹಳವನ್ನೂ ಕಲಿತರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ತುಗೀಸರ ಗೂಢಚಾರನೆಂಬ ಸಂಶಯದಿಂದ ಸೆರೆಯಾದರು. ಮುಂದೆ ಅಲ್ಲಿನ ಬೌದ್ಧ ಅರಸನೇ ಅವರಿಗೆ ಆಶ್ರಯದಾತನಾದನು. 1697ರಲ್ಲಿ ಸಿಡುಬು ಹಬ್ಬಿ ಬಂಧುಗಳೇ ರೋಗಿಗಳನ್ನು ತೊರೆದು ಓಡಿದಾಗ, ವಾಜರು ಮತಭೇದವಿಲ್ಲದೆ ಅವರಿಗೆ ಉಣಿಸಿ, ತೊಳೆದು, ಸತ್ತವರನ್ನು ಮಣ್ಣುಮಾಡಿದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ಅವರು ತೀರಿಕೊಂಡರು. ಸಮಾಧಿಯ ಸ್ಥಳವು ಈಗ ಗುರುತಿಲ್ಲ. 2015ರ ಜನವರಿ 14ರಂದು ಕೊಲಂಬೊ ನಗರದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಮಂಗಳೂರಿನ ಸಮೀಪದ ಮುಡಿಪು ಗುಡ್ಡದಲ್ಲಿ ವಾಜರು ಮೊಣಕಾಲೂರಿ ಪ್ರಾರ್ಥಿಸಿದ ಕಡೆ ನೀರು ಚಿಮ್ಮಿತೆಂಬ ಐತಿಹ್ಯವಿದೆ. ಯಾತ್ರಿಕರು ಇಂದಿಗೂ ಅಲ್ಲಿಗೆ ಹೋಗುತ್ತಾರೆ.