ಡಾ|| ಎಚ್. ನರಸಿಂಹಯ್ಯ (1920-2005): ವಿಜ್ಞಾನ ಬೋಧನೆಗೆ ಮುಡಿಪಾದ ಬದುಕು

ಪೀಠಿಕೆ

ಹಾಸನ ಜಿಲ್ಲೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ವಿದ್ಯಾರ್ಥಿಗಳು, ಪೋಷಕರು ಹಾಗೂ ಇಲಾಖೆಯ ಸೇವೆಗಳನ್ನು ಕೋರಿ ಬರುವ ಸಾರ್ವಜನಿಕರ ಮಾಹಿತಿಗಾಗಿ, ನಾಡಿನ ವಿಜ್ಞಾನ ಶಿಕ್ಷಣಕ್ಕೆ ಗಣನೀಯ ಕೊಡುಗೆ ನೀಡಿದ ಮಹನೀಯರ ಪರಿಚಯವನ್ನು ಇಲ್ಲಿ ಒದಗಿಸಲಾಗಿದೆ. ಭೌತಶಾಸ್ತ್ರದ ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಸೇವೆ ಸಲ್ಲಿಸಿದ ಡಾ|| ಎಚ್. ನರಸಿಂಹಯ್ಯನವರು ಜನರ ನಡುವೆ ‘ಎಚ್ಚೆನ್’ ಎಂದೇ ಹೆಸರಾಗಿದ್ದರು. ವಿಜ್ಞಾನವು ಪರೀಕ್ಷೆಗೆ ಓದುವ ಒಂದು ವಿಷಯ ಮಾತ್ರವಲ್ಲ, ಅದು ಬದುಕಿನ ರೀತಿಯೂ ಆಗಬೇಕು ಎಂಬುದನ್ನು ಅವರು ತಮ್ಮ ನಡೆಯಿಂದಲೇ ತೋರಿಸಿದರು.

ಜನನ ಮತ್ತು ಬಾಲ್ಯ

ನರಸಿಂಹಯ್ಯನವರು 1920ರ ಜೂನ್ 6ರಂದು ಗೌರಿಬಿದನೂರು ತಾಲ್ಲೂಕಿನ ಹೊಸೂರು ಗ್ರಾಮದಲ್ಲಿ ಜನಿಸಿದರು. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ತಂದೆ ಹನುಮಂತಪ್ಪನವರು ಹಳ್ಳಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ತಾಯಿ ವೆಂಕಟಮ್ಮನವರು ಕೂಲಿ ಮಾಡಿ ಸಂಸಾರ ತೂಗಿಸುತ್ತಿದ್ದರು. ಕಡುಬಡತನದ ಈ ಮನೆಯಲ್ಲಿ ವಿದ್ಯೆಗೆ ಆಸೆ ಇತ್ತು, ಅನುಕೂಲ ಇರಲಿಲ್ಲ.

ಹೊಸೂರಿನಲ್ಲಿ ದೊರೆಯುತ್ತಿದ್ದ ಶಿಕ್ಷಣ ಮುಗಿದ ನಂತರ ಮುಂದಿನ ಓದಿಗೆ ಬೆಂಗಳೂರಿಗೇ ಹೋಗಬೇಕಾಗಿತ್ತು. ಪ್ರಯಾಣಕ್ಕೆ ಹಣವಿಲ್ಲದ ಕಾರಣ 1935ರಲ್ಲಿ ಬಾಲಕ ನರಸಿಂಹಯ್ಯ ಸುಮಾರು 85 ಕಿ.ಮೀ. ದೂರವನ್ನು ಎರಡು ದಿನಗಳಲ್ಲಿ ನಡೆದು ಕ್ರಮಿಸಿದರು. ಇದು ಹಾಸನದಿಂದ ಚನ್ನರಾಯಪಟ್ಟಣಕ್ಕೆ ನಡೆದು ಹೋಗಿ ಮರಳುವುದಕ್ಕಿಂತಲೂ ಹೆಚ್ಚಿನ ದೂರ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಅವರಿಗೆ ಪ್ರವೇಶ ದೊರೆಯಿತು. 1917ರಲ್ಲಿ ಸ್ಥಾಪಿತವಾಗಿದ್ದ ಆ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಕೆ. ಸಂಪದ್ಗಿರಿರಾಯರು ಬಡ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದರು. ನರಸಿಂಹಯ್ಯನವರ ವ್ಯಕ್ತಿತ್ವ ರೂಪುಗೊಳ್ಳುವಲ್ಲಿ ಅವರ ಪಾತ್ರ ದೊಡ್ಡದು.

1936ರಲ್ಲಿ ಮಹಾತ್ಮ ಗಾಂಧೀಜಿಯವರು ಈ ಶಾಲೆಗೆ ಭೇಟಿ ನೀಡಿದಾಗ, ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸುವ ಅವಕಾಶ ವಿದ್ಯಾರ್ಥಿ ನರಸಿಂಹಯ್ಯನವರಿಗೆ ಒದಗಿತು. ಅಂದಿನಿಂದ ಗಾಂಧೀ ಮಾರ್ಗವು ಅವರ ಜೀವನದ ದಾರಿಯಾಯಿತು. ಖಾದಿ ಪಂಚೆ, ಜುಬ್ಬ ಮತ್ತು ಗಾಂಧಿ ಟೋಪಿ ಕೊನೆಯವರೆಗೂ ಅವರ ಉಡುಪಾಗಿದ್ದವು.

ಸ್ವಾತಂತ್ರ್ಯ ಹೋರಾಟ ಮತ್ತು ಉನ್ನತ ವ್ಯಾಸಂಗ

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಆನರ್ಸ್ ವ್ಯಾಸಂಗದಲ್ಲಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿ ಆರಂಭವಾಯಿತು. ನರಸಿಂಹಯ್ಯನವರು ಓದನ್ನು ಬದಿಗಿಟ್ಟು ಚಳವಳಿಗೆ ಧುಮುಕಿ ಸೆರೆಮನೆ ವಾಸ ಅನುಭವಿಸಿದರು. ಬಡ ಕುಟುಂಬದ ಹುಡುಗನೊಬ್ಬ ಪದವಿಯ ಅಂಚಿನಲ್ಲಿದ್ದಾಗ ಕೈಗೊಂಡ ಈ ನಿರ್ಧಾರ ಸಾಮಾನ್ಯವಾದುದಲ್ಲ. ಬಿಡುಗಡೆಯ ನಂತರ ಅವರು ಮತ್ತೆ ಕಾಲೇಜಿಗೆ ಸೇರಿ, ಆನರ್ಸ್ ಹಾಗೂ ಎಂ.ಎಸ್ಸಿ. ಪದವಿಗಳನ್ನು ಪೂರೈಸಿದರು. 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ ಸೇವೆಗೆ ಸೇರಿದರು.

ಮುಂದೆ ಅಮೆರಿಕಾದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಿ 1960ರಲ್ಲಿ ಡಾಕ್ಟರೇಟ್ ಪಡೆದರು. ಹೊರದೇಶದಲ್ಲಿ ನೆಲೆಸದೆ ತಮ್ಮ ಕಾಲೇಜಿಗೇ ಹಿಂದಿರುಗಿ ಪ್ರಾಂಶುಪಾಲರಾದರು. ಅವಿವಾಹಿತರಾಗಿಯೇ ಉಳಿದ ಅವರು ಕಾಲೇಜಿನ ವಿದ್ಯಾರ್ಥಿ ನಿಲಯದ ಒಂದು ಕೊಠಡಿಯಲ್ಲಿ ಐದು ದಶಕಗಳಿಗೂ ಹೆಚ್ಚು ಕಾಲ ವಾಸವಿದ್ದರು.

ಬೆಂಗಳೂರು ವಿಜ್ಞಾನ ವೇದಿಕೆ

1962ರಲ್ಲಿ ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಎಂಬ ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದರು. ವಾರಕ್ಕೊಮ್ಮೆ ಸಂಜೆ ವಿಜ್ಞಾನದ ಒಂದು ವಿಷಯ ಕುರಿತು ತಜ್ಞರಿಂದ ಉಪನ್ಯಾಸ, ನಂತರ ಸಭಿಕರಿಂದ ಪ್ರಶ್ನೆ - ಇದು ವೇದಿಕೆಯ ಸರಳ ಕಾರ್ಯಕ್ರಮ. ಪ್ರವೇಶ ಎಲ್ಲರಿಗೂ ಮುಕ್ತ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ವಿಜ್ಞಾನ ಉತ್ಸವವನ್ನು ಏರ್ಪಡಿಸಲಾಗುತ್ತಿತ್ತು. ದೇಶದ ಹೆಸರಾಂತ ವಿಜ್ಞಾನಿಗಳು ಈ ವೇದಿಕೆಗೆ ಬಂದು ಸಾಮಾನ್ಯ ಜನರೊಂದಿಗೆ ಮಾತನಾಡಿದರು.

ಶಿಕ್ಷಕರ ದೃಷ್ಟಿಯಿಂದ ಈ ವೇದಿಕೆಯ ಮಹತ್ವವನ್ನು ವಿಶೇಷವಾಗಿ ಗಮನಿಸಬೇಕು. ಪದವಿ ಪಡೆದು ಹಲವು ವರ್ಷಗಳಾದ ಶಿಕ್ಷಕರಿಗೆ ವಿಜ್ಞಾನದ ಹೊಸ ಬೆಳವಣಿಗೆಗಳು ಪಠ್ಯಪುಸ್ತಕದ ಮೂಲಕ ತಲುಪಲು ಬಹುಕಾಲ ಹಿಡಿಯುತ್ತದೆ. ಸಂಶೋಧನೆಯಲ್ಲಿ ತೊಡಗಿದವರನ್ನು ನೇರವಾಗಿ ಕೇಳಿ, ಸಂಶಯಗಳನ್ನು ಪರಿಹರಿಸಿಕೊಳ್ಳುವ ಅವಕಾಶವನ್ನು ವೇದಿಕೆಯು ಒದಗಿಸಿತು. ಇದಕ್ಕೆ ಬೇಕಾದುದು ಒಂದು ಸಭಾಂಗಣ, ಒಂದು ಕರಿಹಲಗೆ, ನಿಗದಿತ ದಿನ ಮತ್ತು ತಪ್ಪದೆ ನಡೆಸುವ ಸಂಕಲ್ಪ ಮಾತ್ರ. ತಾಲ್ಲೂಕು ಮಟ್ಟದಲ್ಲಿಯೂ ಇಂತಹ ಕಾರ್ಯ ಸಾಧ್ಯವೆಂಬುದಕ್ಕೆ ಇದೇ ನಿದರ್ಶನ.

ಗ್ರಾಮೀಣ ಶಿಕ್ಷಣ

ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರಾಗಿ ನರಸಿಂಹಯ್ಯನವರು ಶಿಕ್ಷಣವನ್ನು ನಗರದಾಚೆಗೂ ಕೊಂಡೊಯ್ದರು. ಗೌರಿಬಿದನೂರು ಮತ್ತು ಬಾಗೇಪಲ್ಲಿಯಲ್ಲಿ ಕಾಲೇಜುಗಳು ಹಾಗೂ ಹುಟ್ಟೂರಾದ ಹೊಸೂರಿನಲ್ಲಿ ಪ್ರೌಢಶಾಲೆ ನೆಲೆಗೊಂಡವು. ತಾವು ಎರಡು ದಿನ ನಡೆದು ಪಡೆದ ಶಿಕ್ಷಣವು ಮುಂದಿನ ಪೀಳಿಗೆಯ ಮಕ್ಕಳಿಗೆ ಊರಿನಲ್ಲಿಯೇ ದೊರೆಯುವಂತಾಯಿತು. ಮಳೆಯನ್ನೇ ನಂಬಿದ ಬಡ ರೈತರ ಮಕ್ಕಳೂ ಪ್ರಯೋಗಾಲಯದಲ್ಲಿ ಕೈಯಾರೆ ಪ್ರಯೋಗ ಮಾಡಬೇಕೆಂಬುದು ಅವರ ಆಶಯವಾಗಿತ್ತು.

ಕುಲಪತಿಗಳಾಗಿ: ಪವಾಡ ಪರಿಶೀಲನಾ ಸಮಿತಿ

1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಅವಧಿಯಲ್ಲಿ, 1976ರಲ್ಲಿ, ಅವರು ಪವಾಡಗಳು ಹಾಗೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸುವ ಸಮಿತಿಯನ್ನು ರಚಿಸಿದರು. ವಿಶ್ವವಿದ್ಯಾಲಯವೊಂದು ಇಂತಹ ಕಾರ್ಯಕ್ಕೆ ಮುಂದಾದದ್ದು ದೇಶದಾದ್ಯಂತ ಚರ್ಚೆಗೆ ಕಾರಣವಾಯಿತು. ದೇವರ ಮೇಲಿನ ಭಕ್ತಿಯನ್ನು ಅಳೆಯುವುದು ಸಮಿತಿಯ ಉದ್ದೇಶವಾಗಿರಲಿಲ್ಲ. ಶೂನ್ಯದಿಂದ ವಸ್ತು ಸೃಷ್ಟಿಸುವುದಾಗಿ ಯಾರಾದರೂ ಹೇಳಿಕೊಂಡಲ್ಲಿ, ಅದನ್ನು ಎಲ್ಲರ ಸಮ್ಮುಖದಲ್ಲಿ ಪರೀಕ್ಷಿಸಲು ಸಾಧ್ಯವಿರಬೇಕು ಎಂಬುದಷ್ಟೇ ಅದರ ನಿಲುವು.

ಹಾಸನಕ್ಕೆ ನೆರೆಯ ಮಂಡ್ಯ ಜಿಲ್ಲೆಯ ಪಾಂಡವಪುರದಲ್ಲಿ ಬಾಲಕನೊಬ್ಬನು ವಿಭೂತಿ ಸೃಷ್ಟಿಸುವನೆಂಬ ಸುದ್ದಿ ಹರಡಿದಾಗ ಸಮಿತಿಯು ಸ್ಥಳಕ್ಕೆ ತೆರಳಿ ಪರಿಶೀಲಿಸಿತು. ವಿಭೂತಿಯನ್ನು ಉಡುಪಿನಲ್ಲಿ ಅಡಗಿಸಿಡಲಾಗಿತ್ತೆಂಬುದು ಬೆಳಕಿಗೆ ಬಂದಿತು. ದೇಶದಲ್ಲಿ ಅಪಾರ ಅನುಯಾಯಿಗಳನ್ನು ಹೊಂದಿದ್ದ ಧಾರ್ಮಿಕ ಗುರುಗಳೊಬ್ಬರಿಗೂ ನರಸಿಂಹಯ್ಯನವರು ಪರೀಕ್ಷೆಗೆ ಸಹಕರಿಸುವಂತೆ ಪತ್ರ ಬರೆದರು, ಉತ್ತರ ಬರಲಿಲ್ಲ. ಪತ್ರಿಕೆಗಳಲ್ಲಿ ಪರ ವಿರೋಧ ಅಭಿಪ್ರಾಯಗಳು ತೀವ್ರವಾಗಿ ವ್ಯಕ್ತವಾದವು. 1977ರಲ್ಲಿ ಸಮಿತಿಯ ಕಾರ್ಯ ಕೊನೆಗೊಂಡಿತು. ಕೈಗೊಂಡ ಕೆಲಸ ಪೂರ್ಣಗೊಳ್ಳಲಿಲ್ಲವಾದರೂ ನರಸಿಂಹಯ್ಯನವರು ತಮ್ಮ ನಿಲುವಿನಿಂದ ಹಿಂದೆ ಸರಿಯಲಿಲ್ಲ. ಹಳ್ಳಿ ಪಟ್ಟಣಗಳ ಶಾಲಾ ಕಾಲೇಜುಗಳಿಗೆ ತೆರಳಿ, ಕಾರಣ ಕೇಳದೆ ಯಾವುದನ್ನೂ ಒಪ್ಪಬಾರದೆಂಬ ವಿಚಾರವನ್ನು ವಿದ್ಯಾರ್ಥಿಗಳಿಗೆ ತಿಳಿಹೇಳುತ್ತಲೇ ಹೋದರು.

ಇದೇ 1976ರಲ್ಲಿ ಅಂಗೀಕಾರವಾದ ಸಂವಿಧಾನದ 42ನೇ ತಿದ್ದುಪಡಿಯ ಮೂಲಕ ಮೂಲಭೂತ ಕರ್ತವ್ಯಗಳು ಸೇರ್ಪಡೆಯಾದವು ಎಂಬುದು ಗಮನಾರ್ಹ. 51ಎ ಅನುಚ್ಛೇದದ ಪ್ರಕಾರ ವೈಜ್ಞಾನಿಕ ಮನೋಭಾವ, ಮಾನವತಾವಾದ ಮತ್ತು ಜಿಜ್ಞಾಸೆಯನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವಾಗಿದೆ. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರವನ್ನು ತಡೆಯುವ ಅಧಿನಿಯಮವು 2017ರಲ್ಲಿ ರೂಪುಗೊಂಡು 2020ರಲ್ಲಿ ಜಾರಿಗೆ ಬಂದಿತು. ನರಸಿಂಹಯ್ಯನವರು ಅದನ್ನು ಕಾಣಲು ಇರಲಿಲ್ಲ.

ಸಾಹಿತ್ಯ, ಕಲೆ ಮತ್ತು ಗೌರವಗಳು

‘ಹೋರಾಟದ ಹಾದಿ’ ನರಸಿಂಹಯ್ಯನವರ ಆತ್ಮಕಥನ. ‘ತೆರೆದ ಮನ’ ಅವರ ವೈಚಾರಿಕ ಬರಹಗಳ ಸಂಗ್ರಹ. ಆಡಂಬರವಿಲ್ಲದ ಕನ್ನಡ, ನಡುನಡುವೆ ತಿಳಿಹಾಸ್ಯ ಅವರ ಬರವಣಿಗೆಯ ಲಕ್ಷಣಗಳು. ವಿಜ್ಞಾನದಷ್ಟೇ ಸಂಗೀತ, ನಾಟಕಗಳಲ್ಲಿಯೂ ಆಸಕ್ತಿ ಹೊಂದಿದ್ದ ಅವರು ಬೆಂಗಳೂರು ಲಲಿತಕಲಾ ಪರಿಷತ್ತನ್ನು ಹುಟ್ಟುಹಾಕಿದರು. ಭಾರತ ಸರ್ಕಾರವು 1984ರಲ್ಲಿ ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು. 2005ರ ಜನವರಿ 31ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ಹಾಸನ ಜಿಲ್ಲೆಯ ವಿಜ್ಞಾನ ಶಿಕ್ಷಕರಿಗೆ ಪ್ರಸ್ತುತತೆ

ಹಾಸನ ಜಿಲ್ಲೆಯಲ್ಲಿ ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಬೇಲೂರು, ಸಕಲೇಶಪುರ ಹಾಗೂ ಆಲೂರು ಎಂಬ ಎಂಟು ತಾಲ್ಲೂಕುಗಳಿವೆ. 1982ರಿಂದ ಹಾಸನ ನಗರದಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ಕಾರ್ಯನಿರ್ವಹಿಸುತ್ತಿದ್ದು, ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಇಲ್ಲಿಂದ ನಿಯಂತ್ರಿಸಲಾಗುತ್ತಿದೆ. ಇಂತಹ ಜಿಲ್ಲೆಯಲ್ಲಿಯೂ ಗ್ರಹಣದ ದಿನ ಮನೆಯ ಬಾಗಿಲು ಹಾಕಿಕೊಂಡು, ಊಟ ಬಿಟ್ಟು ಕೂರುವ ರೂಢಿ ಹಲವೆಡೆ ಇದೆ.

2019ರ ಡಿಸೆಂಬರ್ 26ರ ಬೆಳಿಗ್ಗೆ ಕೊಡಗು ಮತ್ತು ಮಂಗಳೂರು ಭಾಗದಲ್ಲಿ ಕಂಕಣ ಸೂರ್ಯಗ್ರಹಣವೂ ಹಾಸನದಲ್ಲಿ ಪಾರ್ಶ್ವ ಗ್ರಹಣವೂ ಸಂಭವಿಸಿದ್ದವು. ಇಂತಹ ಸಂದರ್ಭವು ವಿಜ್ಞಾನ ಶಿಕ್ಷಕರಿಗೆ ದೊರೆಯುವ ಅಪೂರ್ವ ಪಾಠ. ರಟ್ಟಿನಲ್ಲಿ ಸೂಜಿಯಿಂದ ಒಂದು ರಂಧ್ರ ಮಾಡಿ, ಅದರ ಮೂಲಕ ಬಿಳಿ ಹಾಳೆಯ ಮೇಲೆ ಸೂರ್ಯಬಿಂಬ ಬೀಳಿಸಿದಲ್ಲಿ ಇಡೀ ತರಗತಿಯು ಸುರಕ್ಷಿತವಾಗಿ ಗ್ರಹಣ ವೀಕ್ಷಿಸಬಹುದು. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದು ಎಂಬ ಎಚ್ಚರಿಕೆ ವಿಜ್ಞಾನದ್ದು. ಗ್ರಹಣ ಕಾಲದ ಅನ್ನ ವಿಷವಾಗುತ್ತದೆ ಎಂಬುದು ನಂಬಿಕೆ. ಇವೆರಡರ ನಡುವಿನ ವ್ಯತ್ಯಾಸವನ್ನು ಮಕ್ಕಳಿಗೆ, ಅವರ ಮನೆಯ ಹಿರಿಯರನ್ನು ಹೀಯಾಳಿಸದೆ, ಮನಗಾಣಿಸುವುದೇ ಶಿಕ್ಷಕರ ಮುಂದಿರುವ ಕಾರ್ಯ.

ಸಾರ್ವಜನಿಕರ ಗಮನಕ್ಕೆ

ಶಾಲೆಗಳಲ್ಲಿ ವಿಜ್ಞಾನ ಸಂಘ, ವಿಜ್ಞಾನ ವಸ್ತುಪ್ರದರ್ಶನ ಹಾಗೂ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಾಚರಣೆಯಲ್ಲಿ ಮಕ್ಕಳು ಭಾಗವಹಿಸಲು ಪೋಷಕರು ಆಯಾ ಶಾಲೆಯ ಮುಖ್ಯ ಶಿಕ್ಷಕರನ್ನು ಸಂಪರ್ಕಿಸಬಹುದು. ಇನ್‌ಸ್ಪೈರ್ ಪ್ರಶಸ್ತಿ ಯೋಜನೆಗೆ ವಿದ್ಯಾರ್ಥಿಗಳ ನಾಮನಿರ್ದೇಶನವು ಶಾಲೆಯ ಮೂಲಕವೇ ಆಗತಕ್ಕದ್ದು. ವಿಜ್ಞಾನ ಶಿಕ್ಷಕರು ತರಬೇತಿ ಹಾಗೂ ಬೋಧನಾ ಮಾರ್ಗದರ್ಶನಕ್ಕಾಗಿ ತಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಅಥವಾ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯನ್ನು ಸಂಪರ್ಕಿಸಬಹುದಾಗಿದೆ. ಮಕ್ಕಳು ಮನೆಯಲ್ಲಿ ಏಕೆ, ಹೇಗೆ ಎಂದು ಕೇಳುವ ಪ್ರಶ್ನೆಗಳನ್ನು ಗದರಿಸಿ ನಿಲ್ಲಿಸದೆ, ಉತ್ತರ ತಿಳಿಯದಿದ್ದಲ್ಲಿ ಶಾಲೆಯಲ್ಲಿ ಕೇಳುವಂತೆ ಪ್ರೋತ್ಸಾಹಿಸಬೇಕೆಂದು ಪೋಷಕರಲ್ಲಿ ಕೋರಲಾಗಿದೆ. ಹೊಸೂರಿನ ಬಡ ಬಾಲಕನೊಬ್ಬನನ್ನು ನಾಡಿನ ಗುರುವನ್ನಾಗಿಸಿದ್ದು ಅಂತಹ ಪ್ರಶ್ನೆಗಳೇ ಆಗಿವೆ.