ಕವಿಶೈಲದ ಕಲ್ಲುಗಳು ಮತ್ತು ಕುವೆಂಪು

ಕುವೆಂಪು ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪ್ರಶಸ್ತಿಗಳಿಂದ ಶುರು ಮಾಡುತ್ತಾರೆ. ನಾನು ಅವರ ಸಮಾಧಿಯ ಸುತ್ತ ಇರುವ ಕಲ್ಲುಗಳಿಂದ ಶುರು ಮಾಡುತ್ತೇನೆ. ಅವರ ಜೀವನ ನನಗೆ ಸ್ವಲ್ಪವಾದರೂ ಅರ್ಥವಾದದ್ದು ಆ ಕಲ್ಲುಗಳನ್ನು ನೋಡಿದ ಮೇಲೆ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಯಲ್ಲಿ ಅವರ ಹಳೆಯ ಮನೆ ಇದೆ. ಈಗ ಅದು ಕವಿಮನೆ ಎಂಬ ವಸ್ತುಸಂಗ್ರಹಾಲಯ. ಅದರ ಹತ್ತಿರದ ಗುಡ್ಡದ ಮೇಲಿನ ಹಾಸುಬಂಡೆಯೇ ಕವಿಶೈಲ. ಅಲ್ಲಿ ದೊಡ್ಡ ದೊಡ್ಡ ಕಲ್ಲುಗಳನ್ನು ವೃತ್ತಾಕಾರದಲ್ಲಿ ನೆಟ್ಟಗೆ ನಿಲ್ಲಿಸಿ, ಕೆಲವುಗಳ ತಲೆಯ ಮೇಲೆ ಅಡ್ಡಗಲ್ಲು ಇಟ್ಟಿದ್ದಾರೆ. ಬಾಗಿಲಿನ ಹಾಗೆ ಕಾಣುತ್ತದೆ, ಆದರೆ ಗೋಡೆಯೂ ಇಲ್ಲ, ಚಾವಣಿಯೂ ಇಲ್ಲ. ಇದನ್ನು ರೂಪಿಸಿದವರು ಹಾಸನದ ಕಲಾವಿದ ಕೆ.ಟಿ. ಶಿವಪ್ರಸಾದ್. ಕಲ್ಲುಗಳಲ್ಲಿ ಕವಿಯ ಮುಖ ಇಲ್ಲ, ಕನ್ನಡಕ ಇಲ್ಲ, ಕೈಯಲ್ಲಿ ಪುಸ್ತಕವೂ ಇಲ್ಲ. ಫೋನಿನಲ್ಲಿ ಫೋಟೋ ತೋರಿಸಿದಾಗ ನನ್ನ ದಾದಿ, ಇದು ಕಟ್ಟಿ ಮುಗಿಯದ ಮನೆಯೇ ಎಂದು ಉರ್ದುವಿನಲ್ಲಿ ಕೇಳಿದರು.

ಇಂಥದ್ದಕ್ಕೆ ಅಮೂರ್ತ ಕಲೆ ಎನ್ನುತ್ತಾರೆ. ಮೂರ್ತಿ ಇಲ್ಲದ್ದು ಎಂದು ಆ ಪದವೇ ಹೇಳುತ್ತದೆ. ಚಿತ್ರಕಾರನೋ ಶಿಲ್ಪಿಯೋ ಒಂದು ವಸ್ತುವಿನಿಂದ ಬೇಡದ್ದನ್ನು ಒಂದೊಂದಾಗಿ ತೆಗೆಯುತ್ತಾ ಹೋಗುತ್ತಾನೆ. ಕೊನೆಗೆ ಗೆರೆ, ಬಣ್ಣ, ಭಾರ, ನಡುವಿನ ಖಾಲಿ ಜಾಗ ಇಷ್ಟೇ ಉಳಿಯುತ್ತವೆ. ನಮ್ಮ ಕಾಮರ್ಸ್‌ನವರಿಗೆ ಇದು ಹೊಸದಲ್ಲ. ಒಂದು ಅಂಗಡಿಯ ಇಡೀ ವರ್ಷದ ಗಲಾಟೆಯನ್ನು ಬ್ಯಾಲೆನ್ಸ್ ಶೀಟಿನ ಒಂದು ಪುಟಕ್ಕೆ ಇಳಿಸುವಾಗ ನಾವೂ ಅದನ್ನೇ ಮಾಡುತ್ತೇವೆ. ನಮ್ಮ ಮನೆಯ ಗೋಡೆಯ ಮೇಲೆ ಮನುಷ್ಯರ ಚಿತ್ರಗಳಿಲ್ಲ, ಸುಂದರವಾಗಿ ಬರೆದ ಒಂದು ಅರಬ್ಬಿ ಬರಹ ಇದೆ. ಅದರ ಅಕ್ಷರಗಳು ಎಷ್ಟು ಹೆಣೆದುಕೊಂಡಿವೆಯೆಂದರೆ ಓದುವುದಕ್ಕಿಂತ ಮೊದಲು ನೋಡಬೇಕಾಗುತ್ತದೆ. ಹಾಗಾಗಿಯೋ ಏನೋ, ಕವಿಶೈಲದಲ್ಲಿ ಪ್ರತಿಮೆ ಎಲ್ಲಿ ಎಂದು ನನಗೆ ಅನ್ನಿಸಲೇ ಇಲ್ಲ.

ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅದು ಅವರ ತಾಯಿ ಸೀತಮ್ಮನವರ ತವರು. ಬೆಳೆದದ್ದು ಕುಪ್ಪಳ್ಳಿಯಲ್ಲಿ. ಹನ್ನೆರಡನೆಯ ವಯಸ್ಸಿಗೆ ತಂದೆ ತೀರಿಕೊಂಡರು. ತೀರ್ಥಹಳ್ಳಿಯಲ್ಲಿ ಓದಿ, ಹೈಸ್ಕೂಲಿಗೆ ಮೈಸೂರಿನ ವೆಸ್ಲಿಯನ್ ಶಾಲೆ ಸೇರಿದರು. ಆಗ ಅವರು ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 1922ರಲ್ಲಿ, ಅಂದರೆ ಹೆಚ್ಚುಕಡಿಮೆ ನನ್ನ ವಯಸ್ಸಿನಲ್ಲಿ, ಅವರ ಇಂಗ್ಲಿಷ್ ಕವಿತೆಗಳ ಪುಟ್ಟ ಪುಸ್ತಕವೇ ಬಂದಿತ್ತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಹುಡುಗ ಹೋಗಿ ತನ್ನ ಕವಿತೆ ತೋರಿಸಿದ. ನಿನ್ನ ಭಾಷೆಯಲ್ಲಿ ಏಕೆ ಬರೆಯುವುದಿಲ್ಲ ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಈ ಘಟನೆಯನ್ನು ಪಾಠದಲ್ಲಿ ಓದಿದಾಗಲೆಲ್ಲ ನನಗೆ ಸ್ವಲ್ಪ ಕಷ್ಟವಾಗುತ್ತದೆ. ನನ್ನ ಮನೆಯ ಭಾಷೆ ಉರ್ದು, ಈ ಲೇಖನ ಬರೆಯುತ್ತಿರುವುದು ಕನ್ನಡದಲ್ಲಿ. ಎರಡರಲ್ಲಿ ಯಾವುದು ನನ್ನದು ಎಂದು ಕಸಿನ್ಸ್ ನನ್ನನ್ನು ಕೇಳಿದ್ದರೆ ಎರಡೂ ಎನ್ನುತ್ತಿದ್ದೆ.

ಆಮೇಲಿನದು ಎಲ್ಲರಿಗೂ ಗೊತ್ತು. ಮಹಾರಾಜ ಕಾಲೇಜು, 1929ರಲ್ಲಿ ಅಲ್ಲೇ ಅಧ್ಯಾಪಕರ ಕೆಲಸ, 1955ರಲ್ಲಿ ಪ್ರಾಂಶುಪಾಲರು, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ. ಮಾನಸಗಂಗೋತ್ರಿ ಎಂಬ ಹೆಸರು ಅವರು ಕೊಟ್ಟದ್ದು. ರಾಮಾಯಣ ದರ್ಶನಂಗೆ 1955ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ನಂತರ ಕನ್ನಡಕ್ಕೆ ಮೊದಲ ಜ್ಞಾನಪೀಠ. ಅವರು ಬರೆದ ನಾಡಗೀತೆಯನ್ನು ನಾವೂ ಹಾಡುತ್ತೇವೆ, ಅದರಲ್ಲಿ ನಮ್ಮ ಸಮುದಾಯದ ಹೆಸರೂ ಇದೆ.

ಬರಹಗಾರರಾಗಿ ಅವರು ಅಮೂರ್ತದವರಲ್ಲ. ಮಲೆಗಳಲ್ಲಿ ಮದುಮಗಳು ಕಾದಂಬರಿಯಲ್ಲಿ ಮಳೆ, ಕೆಸರು, ಜಿಗಣೆ, ಗುತ್ತಿಯ ನಾಯಿ ಹುಲಿಯ ಎಲ್ಲವೂ ಇವೆ, ಒಂದನ್ನೂ ಬಿಟ್ಟಿಲ್ಲ. (ನಾನಿನ್ನೂ ಅರ್ಧ ಓದಿದ್ದೇನೆ.) ಆದರೆ ಬದುಕಿನಲ್ಲಿ ಅವರು ತೆಗೆದುಹಾಕುತ್ತಾ ಹೋದವರು. ಉದ್ದದ ಹೆಸರಿನಿಂದ ಮೂರು ಅಕ್ಷರ ಮಾತ್ರ ಉಳಿಸಿಕೊಂಡರು. ಮದುವೆಯಿಂದ ಪುರೋಹಿತರನ್ನು, ವರದಕ್ಷಿಣೆಯನ್ನು, ಆಡಂಬರವನ್ನು ತೆಗೆದರು. ಅದೇ ಮಂತ್ರ ಮಾಂಗಲ್ಯ. ಮಗ ತೇಜಸ್ವಿಯ ಮದುವೆ ಹಾಗೆಯೇ ನಡೆಯಿತು. ಮನುಷ್ಯನಿಂದ ಜಾತಿಯನ್ನು, ಮತದ ಗೋಡೆಯನ್ನು ತೆಗೆದು ನೋಡಿದಾಗ ಉಳಿದವನನ್ನು ವಿಶ್ವಮಾನವ ಎಂದು ಕರೆದರು. ಇದನ್ನೆಲ್ಲ ಶಿಲ್ಪಕಲೆಗೆ ಹೋಲಿಸುವುದು ಅತಿಯಾಯಿತು ಎಂದು ನನ್ನ ಗೆಳೆಯನೊಬ್ಬ ಹೇಳುತ್ತಾನೆ. ನನಗೆ ಹಾಗನ್ನಿಸುವುದಿಲ್ಲ. ಶಿವಪ್ರಸಾದ್ ಅವರು ತೇಜಸ್ವಿಯವರ ಸ್ನೇಹಿತರು. ಆ ಮನೆಯ ಸ್ವಭಾವ ತಿಳಿದೇ ಮುಖವಿಲ್ಲದ ಕಲ್ಲುಗಳನ್ನು ಆರಿಸಿರಬೇಕು ಎಂದು ನನ್ನ ಊಹೆ.

ಈ ಕಲ್ಲುಗಳನ್ನು ಎಲ್ಲರೂ ಇಂಗ್ಲೆಂಡಿನ ಸ್ಟೋನ್‌ಹೆಂಜ್‌ಗೆ ಹೋಲಿಸುತ್ತಾರೆ. ಹೋಲಿಕೆ ನಿಜ. ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಪಕ್ಕದ ಹೊಸನಗರ ತಾಲ್ಲೂಕಿನ ನಿಲಸ್ಕಲ್ ಮತ್ತು ಬೈಸೆಯಲ್ಲಿ ಬೃಹತ್ ಶಿಲಾಯುಗದ ನಿಲುಗಲ್ಲುಗಳಿವೆ. ನಿಲಸ್ಕಲ್ ಎಂಬ ಊರಿನ ಹೆಸರಿನಲ್ಲೇ ನಿಲ್ಲಿಸಿದ ಕಲ್ಲು ಕೇಳಿಸುತ್ತದೆ. ಅಲ್ಲಿಯ ಕೆಲವು ಕಲ್ಲುಗಳ ಸಾಲು ವರ್ಷದ ಅತಿ ಉದ್ದದ ಮತ್ತು ಅತಿ ಚಿಕ್ಕ ಹಗಲಿನ ದಿನಗಳಲ್ಲಿ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಹೊಂದುತ್ತದೆ ಎಂದು ಸಂಶೋಧಕರು ಹೇಳಿದ್ದಾರೆ. ಅವೂ ಅರೆಬರೆ ಒರಟು ಕಲ್ಲುಗಳೇ, ಅವುಗಳಲ್ಲೂ ಯಾರ ಮುಖವೂ ಇಲ್ಲ. ಮಲೆನಾಡಿನವರಿಗೆ ಈ ಕಲೆ ಹೊರಗಿನಿಂದ ಬಂದದ್ದೇನಲ್ಲ.

1994ರ ನವೆಂಬರ್ 11ರಂದು ಕುವೆಂಪು ಮೈಸೂರಿನಲ್ಲಿ ತೀರಿಕೊಂಡರು. ಸಮಾಧಿ ಕವಿಶೈಲದಲ್ಲಿ, ಅವರು ಸೂರ್ಯಾಸ್ತ ನೋಡುತ್ತಾ ಕೂರುತ್ತಿದ್ದ ಜಾಗದಲ್ಲೇ. ಅಲ್ಲಿಗೆ ಹೋದವರು ನೆಟ್ಟ ಕಲ್ಲುಗಳ ಮುಂದೆ ಸೆಲ್ಫಿ ತೆಗೆದುಕೊಂಡು ಇಳಿದುಬಿಡುತ್ತಾರೆ. ಬಂಡೆಯ ಮೇಲೆ ಇನ್ನೊಂದು ಇದೆ, ಬಗ್ಗಿ ಹುಡುಕಬೇಕು. ಬಿ.ಎಂ. ಶ್ರೀಕಂಠಯ್ಯ ಮತ್ತು ಟಿ.ಎಸ್. ವೆಂಕಣ್ಣಯ್ಯ ಇಬ್ಬರೂ ಕುವೆಂಪು ಅವರ ಗುರುಗಳು. ರಾಮಾಯಣ ದರ್ಶನಂ ಅರ್ಪಣೆಯಾಗಿರುವುದೂ ವೆಂಕಣ್ಣಯ್ಯನವರಿಗೇ. ಆ ಇಬ್ಬರು ಗುರುಗಳ ಮತ್ತು ಶಿಷ್ಯನ ಹೆಸರುಗಳು ಅಲ್ಲಿ ಕಲ್ಲಿನಲ್ಲಿ ಕೊರೆದಿವೆ. ಸಂಜೆ ಬೆಳಕು ಓರೆಯಾಗಿ ಬಿದ್ದಾಗ ಅಕ್ಷರಗಳು ಸುಲಭವಾಗಿ ಕಾಣುತ್ತವೆ.