ಹಸುರನ್ನು ನಡೆದು ನೋಡಿದ ಬುಕಾನನ್

ಟಿಪ್ಪು ಸುಲ್ತಾನನು ಮಡಿದು ವರ್ಷವೂ ತುಂಬಿರಲಿಲ್ಲ. 1800ರ ಫೆಬ್ರವರಿಯಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನಿಗೆ ಒಂದು ಆಜ್ಞೆಯನ್ನು ಕಳುಹಿಸಿದನು. ಕಂಪನಿಯ ಕೈಸೇರಿದ ಸೀಮೆಗಳಲ್ಲಿಯೂ ಮೈಸೂರು ರಾಜ್ಯದಲ್ಲಿಯೂ ಏನು ಬೆಳೆಯುತ್ತದೆ, ಎಷ್ಟು ಬೆಳೆಯುತ್ತದೆ ಎಂಬುದನ್ನು ಆತನು ಸ್ವತಃ ನೋಡಿ ಬರೆದು ತರಬೇಕಾಗಿತ್ತು. ಇದರ ಹಿಂದೆ ಇದ್ದುದು ಬರಿಯ ವಿದ್ಯಾಪ್ರೇಮವಲ್ಲ; ಕಂದಾಯದ ಲೆಕ್ಕವೂ ಇತ್ತು.

ಬುಕಾನನ್ ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯವನ್ನು ಕಲಿಯುವಾಗ ಜಾನ್ ಹೋಪ್ ಎಂಬ ಗುರುವಿನಿಂದ ಸಸ್ಯಶಾಸ್ತ್ರದ ರುಚಿ ಹತ್ತಿತು. 1794ರಲ್ಲಿ ಕಂಪನಿಯ ಸೇವೆಗೆ ಸೇರಿದನು. ಮರುವರ್ಷ ರಾಯಭಾರಿಗಳೊಡನೆ ಬರ್ಮಾಕ್ಕೆ ಹೋಗಿ ಬಂದನು.

1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟವನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವನ್ನು ಕಂಡನು. ಮುಂದೆ ಇನ್ನೊಂದು ಸುತ್ತಿನಲ್ಲಿ ಬೆಳ್ಳೂರು, ನಾಗಮಂಗಲ, ಮೇಲುಕೋಟೆ, ತೊಣ್ಣೂರುಗಳ ದಾರಿಯಾಗಿ ಮತ್ತೆ ಅಲ್ಲಿಗೇ ಬಂದನು. ಯುದ್ಧಗಳು ತುಳಿದು ಹೋದ ನಾಡು ಅದು. ಉಳುವವರಿಲ್ಲದೆ ಪಾಳುಬಿದ್ದ ಹೊಲಗಳಲ್ಲಿ ಕಳೆಯೂ ಪೊದೆಯೂ ಎದ್ದಿದ್ದವು. ದೂರದಿಂದ ನೋಡುವವನಿಗೆ ಅದೂ ಹಸುರೇ! ಆ ಹಸುರಿನಲ್ಲಿ ಅನ್ನವೆಷ್ಟು, ಪಾಳೆಷ್ಟು ಎಂದು ತಿಳಿಯಬೇಕಾದರೆ ಬದುವಿನ ಮೇಲೆ ಹೋಗಿ ನಿಲ್ಲಬೇಕು.

ಅಲ್ಲಿಯೂ ತೊಡಕು ಕಡಮೆಯಿರಲಿಲ್ಲ. ನಮ್ಮವರು ಗದ್ದೆಯನ್ನು ಹೇಳುತ್ತಿದ್ದುದು ಅದಕ್ಕೆ ಬೇಕಾಗುವ ಬಿತ್ತನೆಯ ಲೆಕ್ಕದಲ್ಲಿ, ಇಷ್ಟು ಖಂಡುಗದ ಗದ್ದೆಯೆಂದು. ಆದರೆ ಖಂಡುಗದ ಅಳತೆ ಎಲ್ಲ ಕಡೆಯೂ ಒಂದೇ ಆಗಿರಲಿಲ್ಲ. ಮೇಲಾಗಿ ಕಾಗದ ಹಿಡಿದು ಬಂದ ದೊರೆಯ ಮುಂದೆ ಬೆಳೆಯನ್ನು ನಿಜವಾಗಿ ಹೇಳಿದರೆ ತೆರಿಗೆ ಏರೀತೆಂಬ ಭಯ ರೈತನಿಗೆ ಇಲ್ಲದಿದ್ದೀತೆ? ಬುಕಾನನ್ ಕೇಳಿದ್ದನ್ನಷ್ಟೇ ನಂಬಿ ಸುಮ್ಮನಾಗಲಿಲ್ಲ. ಗದ್ದೆಗಳನ್ನು ತಾನೇ ಅಳೆದು, ಹೇಳಿದ ಲೆಕ್ಕದೊಡನೆ ತಾಳೆನೋಡಿದನು. ಭತ್ತದಲ್ಲಿ ಹೈನು ಯಾವುದು, ಕಾರು ಯಾವುದು. ಒಣಬೀಜವನ್ನು ಚೆಲ್ಲುವ ಬರಬಿತ್ತ, ಮೊಳಕೆ ಬರಿಸಿ ಚೆಲ್ಲುವ ಮೊಳೆಬಿತ್ತ, ಪೈರು ಕಿತ್ತು ನೆಡುವ ನಾಟಿ, ಇವುಗಳಿಗೆ ಬೀಜವೆಷ್ಟು, ಫಲವೆಷ್ಟು ಎಂದು ಬೇರೆಬೇರೆಯಾಗಿ ಬರೆದಿಟ್ಟನು. ಕನ್ನಡ ತಿಳಿಯದೆ ದುಭಾಷಿಗಳನ್ನೇ ನೆಚ್ಚಿದವನು; ನಮ್ಮ ಬೇಸಾಯವನ್ನು ಹಳಿಯುವ ಆತುರವೂ ಕೆಲವೆಡೆ ಕಾಣುತ್ತದೆ. ಆದರೂ ಅಳತೆಯ ವಿಷಯದಲ್ಲಿ ಆತನದು ಪ್ರಾಮಾಣಿಕ ಕೈ.

ಈ ಕೆಲಸ ಇಂದಿಗೂ ತಪ್ಪಿಲ್ಲ. 1988ರ ಮಾರ್ಚ್ 17ರಂದು ಭಾರತದ ಐ.ಆರ್.ಎಸ್.-1ಎ ಉಪಗ್ರಹವು ಮೇಲೇರಿತು. ಎಲೆಯು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ. ಇವೆರಡರ ವ್ಯತ್ಯಾಸದಿಂದ ಹಸುರಿಗೊಂದು ಅಂಕಿ ದೊರೆಯುತ್ತದೆ. ಆ ಉಪಗ್ರಹದ ಒಂದು ಕ್ಯಾಮೆರಾಕ್ಕೆ ನೆಲದ ಮೇಲಿನ 72 ಮೀಟರಿಗೆ ತುಸು ಮಿಕ್ಕ ಚೌಕವೇ ಒಂದು ಚುಕ್ಕೆ, ಅಂದರೆ ಎಕರೆಗೂ ಹೆಚ್ಚು. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯನ್ನೇ ನೋಡಿ: ಹೇಮಾವತಿಯ ಅಣೆಯಿಂದ ಹೊರಟ ನಾಲೆಯ ಕೆಳಗೆ ಗದ್ದೆ, ಬದುವಿನಲ್ಲಿ ತೆಂಗು, ಮೇಲೆ ಬೆಟ್ಟದ ಕುರುಚಲು. ಚುಕ್ಕೆಯೊಳಗೆ ಎಲ್ಲವೂ ಬೆರೆತು ಒಂದೇ ಅಂಕಿಯಾಗುತ್ತವೆ. ಈಚಿನ ಉಪಗ್ರಹಗಳ ಚುಕ್ಕೆ 10 ಮೀಟರಿಗೆ ಇಳಿದಿದೆ. ಆದರೂ ಯಾರಾದರೂ ಗದ್ದೆಗಿಳಿದು, ಪೈರನ್ನು ಗುರುತಿಸಿ, ಎಲೆಯ ಹರವನ್ನು ಅಳೆದು ಒಪ್ಪದ ಹೊರತು ಆ ಅಂಕಿಗೆ ಬೆಲೆಯಿಲ್ಲ. ಅದನ್ನು ನೆಚ್ಚಿ ಬೆಳೆನಷ್ಟವನ್ನು ಎಣಿಸುವಾಗ, ಕಳೆಯನ್ನು ಪೈರೆಂದು ಓದಿದರೆ ಹಾನಿಯಾಗುವುದು ರೈತನಿಗೆ.

ಬುಕಾನನ್ನನ ಪ್ರವಾಸವು 1801ರಲ್ಲಿ ಮುಗಿಯಿತು. ಅದರ ವೃತ್ತಾಂತವು 1807ರಲ್ಲಿ ಲಂಡನ್ನಿನಲ್ಲಿ, ದಿನಚರಿಯ ರೂಪದಲ್ಲಿಯೇ, ಮೂರು ಸಂಪುಟಗಳಾಗಿ ಹೊರಬಂದಿತು. ಓದಲು ಶುಷ್ಕ, ಆದರೆ ಯಾವ ದಿನ ಎಲ್ಲಿ ಏನನ್ನು ಕಂಡನೆಂಬುದು ಅದರಿಂದಲೇ ತಿಳಿಯುತ್ತದೆ. ಆಮೇಲೆ ನೇಪಾಳ, 1807ರಿಂದ ಏಳು ವರ್ಷ ಬಂಗಾಳದ ಸಮೀಕ್ಷೆ, ಕೊನೆಗೆ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರ. 1815ರಲ್ಲಿ ಊರಿಗೆ ಹೊರಟಾಗ, ವರ್ಷಗಟ್ಟಲೆ ಬರೆಯಿಸಿದ್ದ ಸಸ್ಯಚಿತ್ರಗಳನ್ನು ಆಗಿನ ಗವರ್ನರ್ ಜನರಲ್ಲನು ಕೊಂಡೊಯ್ಯಗೊಡಲಿಲ್ಲ. ತಾಯಿಯ ಕಡೆಯ ಆಸ್ತಿಯೊಡನೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದು, ಗಂಗಾನದಿಯ ಮೀನುಗಳ ಮೇಲೊಂದು ಗ್ರಂಥವನ್ನು 1822ರಲ್ಲಿ ಪ್ರಕಟಿಸಿ, 1829ರ ಜೂನಿನಲ್ಲಿ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡನು.